ಸಿಡಿಲು ತೆಗೆಯಲು ಯಾವ ಲೆನ್ಸ್? ಮೊದಲು ಸಿಡಿಲು ಎಷ್ಟು ದೂರ ಅಂತ ನೋಡಿ

ಪ್ರಶ್ನೆ: ನಾನು ರಾಣೆಬೆನ್ನೂರಿನವನು. ಕ್ಯಾನನ್ 200ಡಿ ಇದೆ, ಅದರ ಜೊತೆ ಬಂದ 18–55 ಲೆನ್ಸ್ ಇದೆ, ಆಮೇಲೆ ತಗೊಂಡ 50 ಎಫ್/1.8 ಇದೆ. ಬೇಸಿಗೆ ಕೊನೆಗೆ ನಮ್ಮ ಕಡೆ ಸಂಜೆ ಹೊತ್ತು ಭಾರೀ ಗುಡುಗು, ಮಿಂಚು. ಮನೆಯ ಮಾಳಿಗೆ ಮೇಲೆ ನಿಂತು ತೆಗೆಯಲು ನೋಡಿದೆ, ಒಂದೂ ಸರಿ ಬರಲಿಲ್ಲ. ಕ್ಯಾನನ್ 10–18 ತಗೊಳ್ಳಲಾ, ಇಲ್ಲ ಟೋಕಿನಾ 11–16 ಎಫ್/2.8 ತಗೊಳ್ಳಲಾ? ಕತ್ತಲೆಗೆ ಎಫ್/2.8 ಇರಲೇಬೇಕು ಅಂತ ಗೆಳೆಯರು ಹೇಳುತ್ತಾರೆ.

ಉತ್ತರ: ಎರಡೂ ಬೇಡ. ನಿಮ್ಮ ಬ್ಯಾಗಿನಲ್ಲಿ ಈಗಿರುವ ಎರಡು ಲೆನ್ಸ್ ಈ ಕೆಲಸಕ್ಕೆ ಸಾಕು. ಅದರಲ್ಲೂ ಆ 50 ಇದೆಯಲ್ಲ, ನೀವು ಮುಖದ ಫೋಟೋಗೆ ಅಂತ ತಗೊಂಡಿರಬಹುದು, ಆದರೆ ಬಯಲುಸೀಮೆಯ ಸಿಡಿಲಿಗೆ ಅದಕ್ಕಿಂತ ಒಳ್ಳೆಯ ಲೆನ್ಸನ್ನು ಆ ಬೆಲೆಗೆ ನಾನು ಕಂಡಿಲ್ಲ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮಾಳಿಗೆ ಮೇಲೆ ನಿಲ್ಲುವ ವಿಷಯವನ್ನೂ ಮಾತಾಡಬೇಕು, ಅದು ಲೆನ್ಸಿಗೇ ಸೇರಿದ ವಿಷಯ.

ಮೊದಲು ಎಫ್/2.8. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟು ಲೆನ್ಸಿನ ಬೆಳಕಿನ ಕಿಂಡಿ, ಅಂದರೆ ಅಪರ್ಚರ್, ದೊಡ್ಡದು. ನಿಮ್ಮ ಗೆಳೆಯರು ಹೇಳಿದ್ದು ನಕ್ಷತ್ರಗಳ ಫೋಟೋಗೆ ನಿಜ, ಸಿಡಿಲಿಗೆ ಅಲ್ಲ. ಶಟರನ್ನು 15 ಸೆಕೆಂಡ್ ತೆರೆದಿಟ್ಟಿದ್ದೀರಿ ಅಂದುಕೊಳ್ಳಿ. ಅಷ್ಟರಲ್ಲಿ ಒಂದು ಮಿಂಚು ಹೊಡೆಯಿತು. ಅದು ಇಡೀ ಇರುವುದೇ ಹೆಚ್ಚಾಗಿ ಅರ್ಧ ಸೆಕೆಂಡಿಗಿಂತ ಕಡಿಮೆ. ಕಣ್ಣಿಗೆ ಒಂದೇ ಮಿಂಚು ಅನಿಸಿದರೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಮೂರು ನಾಲ್ಕು ಹೊಡೆತ ಒಂದರ ಹಿಂದೆ ಒಂದು ಬಂದಿರುತ್ತವೆ. ಮಿಂಚು ಪಟಪಟ ಅಂತ ನಡುಗಿದಂತೆ ಕಾಣುವುದು ಅದಕ್ಕೇ. ಒಂದೊಂದು ಹೊಡೆತದ ಅತಿ ಹೆಚ್ಚಿನ ಬೆಳಕು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಎಷ್ಟೋ ಚಿಕ್ಕ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಹಾಗಾಗಿ ನೀವು ಶಟರ್ 5 ಸೆಕೆಂಡ್ ಇಟ್ಟರೂ ಅಷ್ಟೇ, 25 ಸೆಕೆಂಡ್ ಇಟ್ಟರೂ ಅಷ್ಟೇ, ಮಿಂಚಿನ ಗೆರೆ ಒಂದೇ ತರಹ ಬರುತ್ತದೆ. ಗೆರೆಯ ಹೊಳಪನ್ನು ತೀರ್ಮಾನಿಸುವುದು ಅಪರ್ಚರ್ ಮತ್ತು ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) ಎರಡೇ. ಶಟರ್ ಹೊತ್ತು ತೀರ್ಮಾನಿಸುವುದು ಬೀದಿ ದೀಪ, ಸಂಜೆಯ ಆಕಾಶ, ನೆಲದ ಮೇಲಿನ ಮಂದ ಬೆಳಕು ಎಷ್ಟು ಕಾಣಬೇಕು ಅನ್ನುವುದನ್ನು. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆಯಿತು.

(ಈ ಹೊಡೆತಗಳನ್ನು ಬೇರೆ ಬೇರೆಯಾಗಿ ತೋರಿಸಿಕೊಟ್ಟದ್ದೂ ಒಂದು ಲೆನ್ಸಿನ ಉಪಾಯವೇ. ಬ್ರಿಟನ್ನಿನ ವಿಜ್ಞಾನಿ ಚಾರ್ಲ್ಸ್ ವರ್ನನ್ ಬಾಯ್ಸ್ 1900ರ ಸುಮಾರಿಗೆ ಗರಗರ ತಿರುಗುವ ಎರಡು ಲೆನ್ಸುಗಳ ಕ್ಯಾಮೆರಾ ಮಾಡಿದರು. 1930ರ ದಶಕದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಬ್ಯಾಸಿಲ್ ಶೋನ್‌ಲ್ಯಾಂಡ್ ಮತ್ತು ಜೊತೆಗಾರರು ಅಂಥ ಕ್ಯಾಮೆರಾ ಇಟ್ಟುಕೊಂಡು, ಸಿಡಿಲು ಮೋಡದಿಂದ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಆಮೇಲೆ ನೆಲದಿಂದ ಮೇಲಕ್ಕೆ ಝಗ್ಗನೆ ಹೊತ್ತಿಕೊಳ್ಳುತ್ತದೆ ಎಂದು ಫೋಟೋದಲ್ಲೇ ತೋರಿಸಿದರು. ನನಗೆ ತುಂಬಾ ಇಷ್ಟದ ಕೆಲಸ ಅದು.)

ಈಗ ಎಫ್/2.8ರಲ್ಲಿ ತೆಗೆದರೆ ಏನಾಗುತ್ತದೆ? ಹತ್ತು ಹನ್ನೆರಡು ಕಿಲೋಮೀಟರ್ ದೂರದ ಸಿಡಿಲಾದರೆ ಗೆರೆ ದಪ್ಪಗೆ ಬೆಳ್ಳಗೆ ಹಗ್ಗದಂತಾಗುತ್ತದೆ, ಸುತ್ತಲಿನ ಮೋಡ ಬಿಳಿಚಿಕೊಳ್ಳುತ್ತದೆ, ಆ ಸಣ್ಣ ಸಣ್ಣ ಕವಲುಗಳು ಅದರೊಳಗೇ ಮುಳುಗಿಹೋಗುತ್ತವೆ. ಆ ದೂರಕ್ಕೆ ನಾವು ಇಡುವುದು ಎಫ್/5.6 ಅಥವಾ ಎಫ್/8, ಐಎಸ್‌ಒ 100 ಇಲ್ಲವೇ 200. ಇನ್ನೂ ಹತ್ತಿರ ಬಂದರೆ ಎಫ್/11. ಎಫ್/8ರಲ್ಲಿ ನಿಮ್ಮ 18–55ಕ್ಕೂ ದುಬಾರಿ ಲೆನ್ಸಿಗೂ ಇರುವ ವ್ಯತ್ಯಾಸವನ್ನು ಗೋಡೆಗೆ ಹಾಕಿದ ಫೋಟೋದಲ್ಲಿ ಹುಡುಕಿ ತೆಗೆಯುವುದು ಕಷ್ಟ. ಎಫ್/2.8ಕ್ಕೆ ಅಂತ ಜಾಸ್ತಿ ದುಡ್ಡು ಕೊಟ್ಟು ಎಫ್/8ರಲ್ಲಿ ತೆಗೆಯುವುದು ಯಾಕೆ ಹೇಳಿ.

ಇನ್ನು ಅಗಲದ ವಿಷಯ. ಲೆನ್ಸಿನ 10, 18, 50 ಅನ್ನುವ ಅಂಕಿ ಅದರ ಫೋಕಲ್ ಲೆಂತ್, ಮಿಲಿಮೀಟರಿನಲ್ಲಿ. ಅಂಕಿ ಚಿಕ್ಕದಾದಷ್ಟು ಲೆನ್ಸ್ ಹೆಚ್ಚು ಅಗಲ ನೋಡುತ್ತದೆ, ದೊಡ್ಡದಾದಷ್ಟು ದೂರದ್ದನ್ನು ದೊಡ್ಡದಾಗಿ ತೋರಿಸುತ್ತದೆ. ಸಿಡಿಲು ಎಲ್ಲಿ ಹೊಡೆಯುತ್ತೋ ಗೊತ್ತಿಲ್ಲ, ಆದ್ದರಿಂದ ಎಷ್ಟು ಅಗಲದ ಲೆನ್ಸ್ ಇದ್ದರೆ ಅಷ್ಟು ಒಳ್ಳೆಯದು ಅಂತ ಎಲ್ಲರಿಗೂ ಅನಿಸುತ್ತದೆ. ನನಗೂ ಹಾಗೇ ಅನಿಸಿತ್ತು. ಒಂದು ಇಡೀ ಮಳೆಗಾಲದ ಮುಂಚಿನ ಎರಡು ತಿಂಗಳು ಅಗಲದ ಲೆನ್ಸೊಂದನ್ನೇ ಹಾಕಿಕೊಂಡು ತೆಗೆದೆ. ಸಿಡಿಲು ಬಿತ್ತು, ಫ್ರೇಮಿನೊಳಗೇ ಬಿತ್ತು, ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ ದೊಡ್ಡ ಕಪ್ಪು ಆಕಾಶದ ಕೆಳಗಡೆ ಒಂದು ಕೂದಲೆಳೆ. ಮಾಳಿಗೆಯ ಕಟ್ಟೆ, ಪಕ್ಕದ ಮನೆಯ ನೀರಿನ ಟ್ಯಾಂಕು, ಕೇಬಲ್ ವಯರು ಇವೆಲ್ಲ ಸಿಡಿಲಿಗಿಂತ ದೊಡ್ಡದಾಗಿ ಬಂದಿದ್ದವು.

ಯಾಕೆ ಹೀಗೆ ಅಂತ ಲೆಕ್ಕ ಹಾಕಿ ನೋಡೋಣ, ಸುಲಭ ಇದೆ. ಸಿಡಿಲಿನ ಬಳ್ಳಿ ನಮಗೆ ಕಾಣುವುದು ಮೋಡದ ತಳದಿಂದ ನೆಲದವರೆಗೆ ಮಾತ್ರ, ಉಳಿದದ್ದು ಮೋಡದ ಒಳಗೇ ಇರುತ್ತದೆ. ಮೋಡದ ತಳ ಸಾಮಾನ್ಯವಾಗಿ ನೆಲದಿಂದ ಒಂದರಿಂದ ಎರಡು ಕಿಲೋಮೀಟರ್ ಮೇಲೆ. 1.2 ಅಂತ ಇಟ್ಟುಕೊಳ್ಳಿ. ಸಿಡಿಲು ನಿಮ್ಮಿಂದ 12 ಕಿಲೋಮೀಟರ್ ದೂರ. ಅಂದರೆ ಎತ್ತರ ದೂರದ ಹತ್ತನೇ ಒಂದು ಭಾಗ. ಲೆನ್ಸಿನ ಫೋಕಲ್ ಲೆಂತ್‌ನ ಹತ್ತನೇ ಒಂದು ಭಾಗದಷ್ಟೇ ಎತ್ತರದ ಗೆರೆ ಸೆನ್ಸರಿನ (ಕ್ಯಾಮೆರಾದೊಳಗೆ ಫೋಟೋ ಮೂಡುವ ಫಲಕದ) ಮೇಲೆ ಬೀಳುತ್ತದೆ. 10 ಎಂಎಂ ಲೆನ್ಸಾದರೆ 1 ಮಿಲಿಮೀಟರ್. ನಿಮ್ಮ 200ಡಿಯ ಸೆನ್ಸರ್ ಎತ್ತರ ಸುಮಾರು 15 ಮಿಲಿಮೀಟರ್. ಫೋಟೋದ ಎತ್ತರದಲ್ಲಿ ಹದಿನೈದನೇ ಒಂದು ಭಾಗ ಸಿಡಿಲು, ಬಾಕಿ ಎಲ್ಲ ಖಾಲಿ! ಅದೇ ಜಾಗದಲ್ಲಿ 18ಕ್ಕೆ ಇಟ್ಟರೆ ಎಂಟನೇ ಒಂದು ಭಾಗ. 50 ಹಾಕಿದರೆ ಮೂರನೇ ಒಂದು ಭಾಗ. ನೋಡುವವರು ಅಬ್ಬಾ ಅನ್ನುವುದು ಇಲ್ಲಿ.

ಅಗಲವಾಗಿ ತೆಗೆದು ಆಮೇಲೆ ಬೇಕಾದಷ್ಟು ಕತ್ತರಿಸಿಕೊಂಡರೆ ಆಗಲ್ವಾ ಅಂತ ಕೇಳಬಹುದು. 10ರಲ್ಲಿ ತೆಗೆದದ್ದನ್ನು 50ರಲ್ಲಿ ತೆಗೆದಷ್ಟಕ್ಕೆ ಕತ್ತರಿಸಿದರೆ ಉಳಿಯುವುದು ಇಪ್ಪತ್ತೈದನೇ ಒಂದು ಭಾಗ. ನಿಮ್ಮ 24 ಮೆಗಾಪಿಕ್ಸೆಲ್ ಹತ್ತಿರ ಹತ್ತಿರ 1 ಮೆಗಾಪಿಕ್ಸೆಲ್ ಆಗುತ್ತದೆ. ಫೋನಿನಲ್ಲಿ ನೋಡಲು ನಡೆದೀತು, ಅಷ್ಟೇ.

50ರಲ್ಲಿ ಒಂದು ಕಷ್ಟ ಇದೆ. ನಿಮ್ಮ ಕ್ಯಾಮೆರಾದಲ್ಲಿ ಅದು ನೋಡುವುದು ಅಡ್ಡಕ್ಕೆ 25 ಡಿಗ್ರಿ ಮಾತ್ರ. 12 ಕಿಲೋಮೀಟರ್ ದೂರದಲ್ಲಿ ಐದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ಅಗಲ ಸಿಗುತ್ತದೆ. ಎಷ್ಟೋ ಸಿಡಿಲು ಫ್ರೇಮಿನ ಹೊರಗೆ ಬೀಳುತ್ತವೆ, ಬೀಳಲಿ. ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಐದು ನಿಮಿಷ ಸುಮ್ನೆ ನೋಡಿ. ಒಂದು ಗುಡುಗು ಮೋಡದಲ್ಲಿ ಮಿಂಚು ಮನಸ್ಸಿಗೆ ಬಂದ ಕಡೆಯೆಲ್ಲ ಹಾರುವುದಿಲ್ಲ. ಒಂದು ಮಗ್ಗುಲಲ್ಲಿ ಮತ್ತೆ ಮತ್ತೆ ಹೊಡೆಯುತ್ತಾ, ನಿಧಾನಕ್ಕೆ ಮೋಡದ ಜೊತೆ ಸರಿಯುತ್ತದೆ. ಆ ಮಗ್ಗುಲಿಗೆ ಗುರಿ ಇಟ್ಟು ಸಾಲಾಗಿ ತೆಗೆಯುತ್ತಾ ಹೋಗಿ. ನಲವತ್ತು ಐವತ್ತು ಖಾಲಿ ಫ್ರೇಮಿಗೆ ಒಂದು ಒಳ್ಳೆಯದು ಸಿಕ್ಕರೂ ಆ ಸಂಜೆ ಒಳ್ಳೆಯ ಸಂಜೆ. ಮೊದಲ ಸಲ ಧೈರ್ಯ ಬರದಿದ್ದರೆ 18–55 ಹಾಕಿ 24ರಿಂದ 35ರ ನಡುವೆ ಇಟ್ಟು ಶುರು ಮಾಡಿ. ನಾನು ಹೊಸಬರಿಗೆಲ್ಲ ಹೇಳುವುದು ಇದನ್ನೇ.

ಸಿಡಿಲು ಇನ್ನೂ ದೂರ ಇದ್ದಾಗ ಈ 50 ಬೇರೆಯೇ ಒಂದು ಫೋಟೋ ಕೊಡುತ್ತದೆ. ನಿಮ್ಮ ಕಡೆ ನೆಲ ಬಯಲು, ರಾತ್ರಿ 50–60 ಕಿಲೋಮೀಟರ್ ಆಚೆಯ ಗುಡುಗು ಮೋಡವೂ ದಿಗಂತದಲ್ಲಿ ಕಾಣುತ್ತದೆ. ಗುಡುಗು ಕೇಳುವುದಿಲ್ಲ, ಮೋಡ ಮಾತ್ರ ಒಳಗಿನಿಂದ ಹೊತ್ತಿ ಹೊತ್ತಿ ಆರುತ್ತದೆ, ಹಂಡೆಯೊಳಗೆ ದೀಪ ಇಟ್ಟ ಹಾಗೆ. ನಮ್ಮ ಸೀಮೆಯಲ್ಲಿ ದೊಡ್ಡ ಗುಡುಗು ಮೋಡದ ತಲೆ 14 ಕಿಲೋಮೀಟರ್ ಎತ್ತರಕ್ಕೆ ಹೋಗುವುದುಂಟು. 60 ಕಿಲೋಮೀಟರ್ ದೂರದಿಂದ ಆ ಇಡೀ ಮೋಡ, ಬುಡದಿಂದ ತಲೆಯವರೆಗೆ, 50ರ ಅಡ್ಡ ಫ್ರೇಮಿನಲ್ಲಿ ಸರಿಯಾಗಿ ಕೂರುತ್ತದೆ. 40 ಕಿಲೋಮೀಟರ್ ಇದ್ದರೆ ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ, ಇಲ್ಲ 18–55 ಹಾಕಿ 35ಕ್ಕೆ ಬನ್ನಿ. ಅಷ್ಟು ದೂರದ ಬೆಳಕು ಮಂದ, ಧೂಳು ತೇವ ಎಲ್ಲ ದಾಟಿ ಬರಬೇಕು, ಆಗ ಎಫ್/2.8 ಐಎಸ್‌ಒ 400 ಬೇಕಾಗುತ್ತದೆ. ಗೆಳೆಯರು ಹೇಳಿದ ದೊಡ್ಡ ಅಪರ್ಚರ್ ಉಪಯೋಗಕ್ಕೆ ಬರುವುದು ಇಲ್ಲಿ, ಅದು ನಿಮ್ಮ 50ರಲ್ಲಿ ಆಗಲೇ ಇದೆ.

ಹಾಗಾದರೆ 10–18 ತರಹದ ಲೆನ್ಸ್ ಯಾರಿಗೆ? ಮೋಡವನ್ನೇ ತೆಗೆಯುವವರಿಗೆ. ಮಳೆಗೆ ಮುಂಚೆ ಅಡ್ಡಲಾಗಿ, ದೊಡ್ಡ ಚಾವಣಿಯ ಅಂಚಿನ ಹಾಗೆ ಕಪ್ಪು ಮೋಡ ಮುನ್ನುಗ್ಗಿ ಬರುತ್ತಲ್ಲ, ಅದರ ಈ ತುದಿಯಿಂದ ಆ ತುದಿ ಹಿಡಿಯಲು ಅಗಲದ ಲೆನ್ಸ್ ಬೇಕೇ ಬೇಕು. ಮರವಂತೆಯಂಥ ಕಡಲತೀರದಲ್ಲಿ ಜೂನ್ ಮೊದಲಿಗೆ ಸಮುದ್ರದ ಮೇಲಿಂದ ಮಳೆ ಬರುವುದನ್ನು ತೆಗೆಯುವವರು ಅದನ್ನೇ ಹಾಕುತ್ತಾರೆ. ಇನ್ನೊಂದು, ಮಳೆ ನಿಂತ ಮೇಲೆ ತಲೆಯ ಮೇಲಿನ ಮೋಡದ ಹೊಟ್ಟೆಯಡಿ ಜೇಡರ ಬಲೆಯಂತೆ ಹರಿದಾಡುವ ಮಿಂಚು. ಅದು ಅರ್ಧ ಆಕಾಶ ತುಂಬುತ್ತದೆ. ಇವೆರಡೇ ನಿಮ್ಮ ಆಸೆಯಾದರೆ 10–18 ತಗೊಳ್ಳಿ, ಹಗುರ ಇದೆ, ಎಫ್/8ರಲ್ಲಿ ಚೆನ್ನಾಗಿದೆ. ಆದರೆ ಅದರ ಮುಂದಿನ ಗಾಜಿಗೆ ಹನಿ ಬೀಳುವ ಕಾಟ ಜಾಸ್ತಿ. ಅಗಲದ ಲೆನ್ಸಿನ ಹುಡ್ (ಮುಂದೆ ಹಾಕುವ ಮರೆ) ಗಿಡ್ಡ. ಗಾಜಿನ ಮೇಲೆ ಕೂತ ಒಂದೊಂದು ಹನಿಯೂ ಫೋಟೋದಲ್ಲಿ ಕಲೆಯಾಗಿ ಕಾಣುತ್ತದೆ. 50ರಲ್ಲಿ ಅದೇ ಹನಿ ಮಸುಕಾಗಿ ಕರಗಿಹೋಗುತ್ತದೆ.

ಈಗ ಮಾಳಿಗೆ. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಅಗಲದ ಲೆನ್ಸ್ ಹಾಕಿಕೊಂಡವರಿಗೆ ಸಿಡಿಲು ಚಿಕ್ಕದಾಗಿ ಬರುತ್ತದೆ. ಚಿಕ್ಕದಾಗಿ ಬಂತು ಅಂತ ಅವರು ಇನ್ನೂ ಹತ್ತಿರ ಬರಲಿ ಅಂತ ಕಾಯುತ್ತಾರೆ. 10 ಎಂಎಂನಲ್ಲಿ ಆ ಮೂರನೇ ಒಂದು ಭಾಗದ ಎತ್ತರ ಸಿಗಬೇಕಾದರೆ ಸಿಡಿಲು ಎರಡೂವರೆ ಕಿಲೋಮೀಟರಿನೊಳಗೆ ಬರಬೇಕು. ಅಷ್ಟು ಹೊತ್ತಿಗೆ ನೀವು ತೆಗೆಯುವವರಲ್ಲ, ಮುಂದಿನ ಸಿಡಿಲು ಬೀಳುವ ಜಾಗದಲ್ಲಿ ನಿಂತವರು. ಸುತ್ತಲಿನದಕ್ಕಿಂತ ಎತ್ತರದಲ್ಲಿ, ಒದ್ದೆಯಾದ ಮಾಳಿಗೆ ಮೇಲೆ, ಪಕ್ಕದಲ್ಲಿ ಲೋಹದ ಟ್ರೈಪಾಡ್. ಲೆನ್ಸ್ ಆರಿಸುವಾಗ ನೀವು ನಿಜವಾಗಿ ಆರಿಸುತ್ತಿರುವುದು ಸಿಡಿಲಿಗೂ ನಿಮಗೂ ನಡುವೆ ಎಷ್ಟು ದೂರ ಇರಬೇಕು ಅನ್ನುವುದನ್ನು. ನಾನು 50ರ ಪರ ಇಷ್ಟು ಮಾತಾಡುವುದಕ್ಕೆ ಚಂದಕ್ಕಿಂತ ದೊಡ್ಡ ಕಾರಣ ಇದು.

ಮಿಂಚು ಕಂಡ ಕೂಡಲೇ ಎಣಿಸಿ. ಗುಡುಗು ಕೇಳಲು ಮೂರು ಸೆಕೆಂಡ್ ಆದರೆ ಒಂದು ಕಿಲೋಮೀಟರ್, ಮೂವತ್ತು ಸೆಕೆಂಡ್ ಆದರೆ ಹತ್ತು. ಮೂವತ್ತಕ್ಕಿಂತ ಕಡಿಮೆ ಬಂತೋ, ಮಾಳಿಗೆ ಬಿಟ್ಟು ಕೆಳಗೆ ಇಳಿದುಬಿಡಿ, ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹತ್ತಬೇಡಿ. ನಿಜ ಹೇಳಬೇಕೆಂದರೆ ಮೂವತ್ತೂ ಸಾಲದು. ಸಿಡಿಲು ಮಳೆಯ ಅಂಚಿನಿಂದ ಹದಿನೈದು ಕಿಲೋಮೀಟರ್ ಆಚೆಗೂ ಹಾರಿ ಬಿದ್ದದ್ದುಂಟು, ಗುಡುಗು ಕೇಳಿಸುವುದೂ ಸುಮಾರು ಅಷ್ಟೇ ದೂರ. ಅದಕ್ಕೆ ನಾನು ಗುಡುಗು ಕಿವಿಗೆ ಬಿದ್ದರೆ ಮಾಳಿಗೆ ಮೇಲೆ ನಿಲ್ಲುವುದಿಲ್ಲ. ಫೋನಿನಲ್ಲಿ ‘ದಾಮಿನಿ’ ಆ್ಯಪ್ ಹಾಕಿಕೊಳ್ಳಿ, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ್ದು, ನಿಮ್ಮ ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಅಂತ ತೋರಿಸುತ್ತದೆ. ಮರದ ಕೆಳಗೆ, ಹೊಲದ ನಡುವೆ, ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತು ತೆಗೆಯುವುದನ್ನಂತೂ ಯೋಚಿಸಲೇಬೇಡಿ. ಗಾಜು ಏರಿಸಿದ ಕಾರಿನೊಳಗೆ ಕೂತರೆ ಅಡ್ಡಿಯಿಲ್ಲ, ಲೋಹಕ್ಕೆ ಮೈ ತಾಗಿಸದೆ.

ಮೋಡ ಹತ್ತಿರ ಬಂದಾಗ ಮನೆಯೊಳಗಿನಿಂದ ಕಿಟಕಿಯ ಮೂಲಕ ತೆಗೆಯಿರಿ. ಇಲ್ಲೂ ನಿಮ್ಮ ಲೆನ್ಸುಗಳೇ ಗೆಲ್ಲುತ್ತವೆ. ನಮ್ಮ ಮನೆಗಳ ಕಿಟಕಿಗೆಲ್ಲ ಸರಳು ಇರುತ್ತವೆ ಅಲ್ವಾ. 10 ಎಂಎಂ 96 ಡಿಗ್ರಿ ನೋಡುತ್ತದೆ, ಎಷ್ಟು ಸರಿಸಿದರೂ ಎರಡೂ ಕಡೆ ಸರಳು ಬಂದೇ ಬರುತ್ತದೆ. 35 ಅಥವಾ 50 ಎರಡು ಸರಳಿನ ನಡುವಿನ ಸಂದಿಯಲ್ಲೇ ಆಚೆ ನೋಡಿಬಿಡುತ್ತದೆ. ಟ್ರೈಪಾಡ್ ಸರಳಿಗೆ ತಾಗದಂತೆ ಒಂದು ಗೇಣಾದರೂ ಹಿಂದೆ ಇಡಿ, ನೀವೂ ಸರಳು ಮುಟ್ಟಬೇಡಿ. ಕೋಣೆಯ ದೀಪ ಆರಿಸಿ, ಇಲ್ಲದಿದ್ದರೆ ಗಾಜಿನಲ್ಲಿ ಟ್ಯೂಬ್‌ಲೈಟೇ ಸಿಡಿಲಾಗುತ್ತದೆ. ಮಿಂಚಿಗೂ ಗುಡುಗಿಗೂ ಐದಾರು ಸೆಕೆಂಡ್ ಮಾತ್ರ ಉಳಿದರೆ ಕಿಟಕಿ ಮುಚ್ಚಿ, ಕ್ಯಾಮೆರಾ ಬಿಟ್ಟು ಒಳಗೆ ಹೋಗಿ.

ನಿಮ್ಮದು ಒಂದೂ ಸರಿ ಬರಲಿಲ್ಲ ಅಂದಿರಲ್ಲ, ನನ್ನ ಅಂದಾಜು ಅದು ಫೋಕಸ್ ತೊಂದರೆ. ಕತ್ತಲಲ್ಲಿ ಆಟೋಫೋಕಸ್ ಹಿಂದೆ ಮುಂದೆ ಹುಡುಕಾಡಿ ಸೋಲುತ್ತದೆ. ಫೋಕಸ್ ರಿಂಗನ್ನು ಕೊನೆವರೆಗೆ ತಿರುಗಿಸಿದರೆ ದೂರಕ್ಕೆ ಸರಿಹೋಗುತ್ತದೆ ಅನ್ನುವುದೂ ತಪ್ಪು, ಈಗಿನ ಹೆಚ್ಚಿನ ಲೆನ್ಸುಗಳಲ್ಲಿ ರಿಂಗ್ ಅನಂತವನ್ನೂ ದಾಟಿ ಆಚೆ ಹೋಗುತ್ತದೆ. ಲೈವ್ ವ್ಯೂ ಹಾಕಿ, ಅಂದರೆ ಹಿಂದಿನ ಪರದೆಯಲ್ಲೇ ದೃಶ್ಯ ಕಾಣುವಂತೆ ಮಾಡಿ. ದೂರದ ಮೊಬೈಲ್ ಟವರಿನ ಕೆಂಪು ದೀಪವನ್ನು ಹತ್ತು ಪಟ್ಟು ದೊಡ್ಡದು ಮಾಡಿ ನೋಡುತ್ತಾ, ದೀಪ ಅತಿ ಚಿಕ್ಕ ಚುಕ್ಕೆಯಾಗುವ ಕಡೆ ನಿಲ್ಲಿಸಿ, ಮ್ಯಾನುಯಲ್‌ನಲ್ಲೇ ಬಿಡಿ. ನಿಮ್ಮ 18–55ರ ಮೇಲೆ ಎಸ್‌ಟಿಎಂ ಅಂತ ಬರೆದಿದ್ದರೆ ಅದರ ರಿಂಗ್ ಕರೆಂಟಿನ ಮೇಲೆ ನಡೆಯುವಂಥದ್ದು. ಕ್ಯಾಮೆರಾ ತಾನಾಗಿ ಆಫ್ ಆಗಿ ಮತ್ತೆ ಎದ್ದರೆ ಫೋಕಸ್ ಜಾಗ ಬದಲಾಗುವುದುಂಟು. ಆಟೋ ಪವರ್ ಆಫ್ ತೆಗೆದುಹಾಕಿ, ಜೂಮ್ ಬದಲಿಸಿದಾಗಲೆಲ್ಲ ಫೋಕಸ್ ಮತ್ತೆ ನೋಡಿ. ಟ್ರೈಪಾಡ್ ಮೇಲಿದ್ದಾಗ ಲೆನ್ಸಿನ ಐಎಸ್ (ಕೈ ನಡುಕ ತಡೆಯುವ ಸೌಲಭ್ಯ) ಆಫ್ ಇರಲಿ. ಮೆನುವಿನಲ್ಲಿ ಲಾಂಗ್ ಎಕ್ಸ್‌ಪೋಷರ್ ನಾಯ್ಸ್ ರಿಡಕ್ಷನ್ ಅಂತ ಒಂದಿದೆ, ಅದನ್ನೂ ಆಫ್ ಮಾಡಿ, ಇಲ್ಲದಿದ್ದರೆ 15 ಸೆಕೆಂಡ್ ತೆಗೆದ ಮೇಲೆ ಇನ್ನು 15 ಸೆಕೆಂಡ್ ಕ್ಯಾಮೆರಾ ಸುಮ್ನೆ ಕೂತಿರುತ್ತದೆ, ಒಳ್ಳೆಯ ಸಿಡಿಲು ಸರಿಯಾಗಿ ಆಗಲೇ ಹೊಡೆಯುತ್ತದೆ. ಯುವಿ ಫಿಲ್ಟರ್ ಹಾಕಿದ್ದರೆ ಬಿಚ್ಚಿ, ಸಿಡಿಲಿನ ನೆರಳಿನಂಥ ಎರಡನೇ ಗೆರೆ ಫೋಟೋದಲ್ಲಿ ಮೂಡುವುದು ಅದರಿಂದ.

ಲೆನ್ಸಿಗೆ ಇಟ್ಟ ದುಡ್ಡನ್ನು ಗಾಳಿಗೆ ಅಲ್ಲಾಡದ ಟ್ರೈಪಾಡಿಗೆ ಹಾಕಿ. ಮಳೆಗೆ ಮುಂಚಿನ ಆ ಬಿರುಗಾಳಿಯಲ್ಲಿ ಸಣ್ಣ ಕಾಲಿನ ಟ್ರೈಪಾಡ್ ತಂತಿಯ ಹಾಗೆ ನಡುಗುತ್ತದೆ, 50ರಲ್ಲಿ ಅದು 18ಕ್ಕಿಂತ ಚೆನ್ನಾಗಿ ಗೊತ್ತಾಗುತ್ತದೆ. ಉಳಿದರೆ ನಿಮ್ಮ ಮಾದರಿಗೆ ಹೊಂದುವ ಒಂದು ರಿಮೋಟ್, ಎರಡು ಲೆನ್ಸಿಗೂ ಹುಡ್. ಹಗಲಲ್ಲೇ ಸಿಡಿಲು ತೆಗೆಯುವ ಹುಚ್ಚು ಹತ್ತಿದರೆ ಆಗ ಲೈಟ್ನಿಂಗ್ ಟ್ರಿಗರ್ (ಮಿಂಚು ಕಂಡ ಕೂಡಲೇ ತಾನೇ ಶಟರ್ ಒತ್ತುವ ಸಾಧನ) ನೋಡೋಣ, ಈಗ ಬೇಡ. ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳ ಹೊತ್ತಿಗೆ ನಿಮ್ಮ ಕಡೆ ಮೋಡ ಕಟ್ಟುವುದೇ ಮಧ್ಯಾಹ್ನದ ಮೇಲೆ, ಹೊಡೆಯುವುದು ಸಂಜೆ. ಸೂರ್ಯ ಮುಳುಗಿ ಕಾಲು ಗಂಟೆಯ ಆ ನೀಲಿ ಬೆಳಕಿನಲ್ಲಿ ಎಫ್/8, ಐಎಸ್‌ಒ 100, ನಾಲ್ಕೈದು ಸೆಕೆಂಡಿನಿಂದ ಶುರು ಮಾಡಿ. ಕತ್ತಲಾದಂತೆ ಶಟರ್ ಹೊತ್ತನ್ನು ಹತ್ತು, ಹದಿನೈದು, ಇಪ್ಪತ್ತಕ್ಕೆ ಏರಿಸುತ್ತಾ ಹೋಗಿ, ಕತ್ತಲಾಯಿತು ಅಂತ ಅಪರ್ಚರ್ ಮುಟ್ಟಬೇಡಿ. ಗೆರೆ ತೀರಾ ಬಿಳಿಯಾಗುತ್ತಿದ್ದರೆ ಎಫ್/11, ಸಣಕಲಾದರೆ ಎಫ್/5.6. ಈ ವರ್ಷ ತಪ್ಪಿದರೆ ಅಕ್ಟೋಬರಿನಲ್ಲಿ ಚಿತ್ತಾ, ಸ್ವಾತಿ ಮಳೆ ಇದ್ದೇ ಇದೆ. ಜುಲೈ ಆಗಸ್ಟಿನ ಜಿಟಿಜಿಟಿ ಮಳೆಯಲ್ಲಿ ಮಿಂಚು ಕಡಿಮೆ, ಆಗ ಲೆನ್ಸನ್ನು ಬ್ಯಾಗಿನಲ್ಲೇ ಮುಚ್ಚಿಡಬೇಡಿ, ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಅದರ ಮುಂಚೆ ಒಂದು ದಿನ ಒಣಬಟ್ಟೆ ಮೇಲೆ ಫ್ಯಾನಿನ ಕೆಳಗೆ ಇಟ್ಟು ಪೂರ್ತಿ ಆರಿಸಿ.